ಸುಗಿ ಉಳಿಸಿಕೊಂಡ ಹೂದಾನಿ

ನಮ್ಮ ಪಿಂಗಾಣಿಯ ಊರು ಅರಿತಾದಲ್ಲಿ ಏನಾದರೂ ಒಡೆಯುವ ಸದ್ದು ಕೇಳದ ದಿನವೇ ಇರಲಿಲ್ಲ. ಬೆಳಿಗ್ಗೆ ಗಣಿಯಲ್ಲಿ ಕಲ್ಲು, ಮಧ್ಯಾಹ್ನ ಪಾತ್ರೆ ಸುಡುವ ಆವಿಗೆಗಳ ಅಂಗಳದಲ್ಲಿ ಕೆಟ್ಟುಹೋದ ಪಾತ್ರೆ, ಸಂಜೆಯಾದರೆ ಯಾರದಾದರೂ ಮನೆಯಲ್ಲಿ ತಲೆ. ಹೊರಗಿನವರು ನಮ್ಮ ಹೂದಾನಿಗಳನ್ನು ನೋಡಿ ಆಹಾ, ಎಂಥ ನಯ, ಎಂಥ ನಾಜೂಕು ಎನ್ನುತ್ತಾರಂತೆ. ಅನ್ನಲಿ, ಬೇಡ ಎಂದವರಾರು? ಆ ನಾಜೂಕನ್ನು ಮಾಡಿದವರು ಮಾತಿಗಿಂತ ಮೊದಲು ಕೈ ಎತ್ತುವ ಜನ ಎಂದು ಅವರಿಗೆ ಯಾರೂ ಹೇಳಿಲ್ಲ. ಸುಗಿ ಹುಟ್ಟಿದ್ದು, ಬೆಳೆದಿದ್ದು, ಬಾಳಿದ್ದು ಈ ಜನರ ನಡುವೆಯೇ. ಅವಳೇನೂ ಇವರಿಗಿಂತ ಸಾಧುವಾಗಿರಲಿಲ್ಲ.

ಅವಳ ಅಪ್ಪ ಗಣಿಯಲ್ಲಿ ಪಿಂಗಾಣಿಗೆ ಅರೆಯುವ ಬಿಳಿಕಲ್ಲು ಕಡಿಯುವವನು. ಅವಳಿಗೆ ಒಂಬತ್ತು ವರ್ಷವಾಗಿದ್ದಾಗ ಒಳ್ಳೆಯ ಕಲ್ಲಿನ ಪದರವೊಂದು ಯಾವ ಗುಂಪಿಗೆ ಸೇರಬೇಕೆಂದು ಜಗಳವಾಗಿ, ಎದುರು ಗುಂಪಿನವನೊಬ್ಬ ಹಾರೆ ಬೀಸಿ ಅಪ್ಪನ ತಲೆ ಸೀಳಿದ. ಕಲ್ಲು ಹೊರುವ ಬುಟ್ಟಿಯಲ್ಲೇ ಹೆಣವನ್ನು ಮನೆಗೆ ತಂದರು. ಅಮ್ಮ ಮೊದಲು ಬೈದಳು. "ಮುಂದೆ ಹೋಗಿ ನಿಂತ್ಕೋಬೇಡ ಅಂತ ಎಷ್ಟು ಸಲ ಬಡ್ಕೊಂಡಿದ್ದೆ!" ಎಂದು ಹೆಣದ ಎದೆಗೆ ಗುದ್ದಿದಳು. ಆಮೇಲೆ ಅತ್ತಳು. ಸುಗಿ ಅಳಲೂ ಇಲ್ಲ, ಬೈಯಲೂ ಇಲ್ಲ. ಮೂರು ದಿನ ಬಿಟ್ಟು ಒಲೆಯ ಪಕ್ಕದ ಸೌದೆ ಕೊರಡೊಂದನ್ನು ಎತ್ತಿಕೊಂಡು ಹೋಗಿ, ಹಾರೆ ಬೀಸಿದವನು ತನ್ನ ಮನೆಯ ಜಗಲಿಯ ಮೇಲೆ ಅನ್ನ ಉಣ್ಣುತ್ತಿದ್ದಾಗ ಅವನ ಮೊಣಕಾಲಿಗೆ ಬೀಸಿದಳು. ಅವನು ಸಾಯುವವರೆಗೂ ಕುಂಟಿದ. ಈ ಹುಡುಗಿಯನ್ನು ಯಾರು ಮದುವೆಯಾಗುತ್ತಾರೆ ಎಂದು ಊರು ಮಾತಾಡಿಕೊಂಡಿತು.

ಹನ್ನೊಂದನೆಯ ವಯಸ್ಸಿಗೆ ಅಮ್ಮ ಅವಳನ್ನು ಜಿಂಬೆ ಧಣಿಯ ಆವಿಗೆಗೆ ಬಣ್ಣ ತುಂಬುವ ಕೆಲಸಕ್ಕೆ ಸೇರಿಸಿದಳು. ನಮ್ಮಲ್ಲಿ ಗೆರೆ ಎಳೆಯುವುದು ಗಂಡಸರು, ಗೆರೆಯೊಳಗೆ ನೀಲಿ ತುಂಬುವುದು ಹೆಂಗಸರು. ಇದು ಎಂದಿನಿಂದ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ, ಯಾಕೆ ಎಂದು ಕೇಳಿದರೆ ಬಾಯಿ ಮುಚ್ಚು ಎನ್ನುತ್ತಾರೆ. ಗಂಡಸಿನ ಕೈಯಲ್ಲಿ ಸೂಜಿಯಂಥ ಕುಂಚ, ಹೆಂಗಸಿನ ಕೈಯಲ್ಲಿ ಹೆಬ್ಬೆರಳಿಗಿಂತ ದಪ್ಪನೆಯ ಕುಂಚ. ಆ ದಪ್ಪ ಕುಂಚದ ತುಂಬ ನೀಲಿ ನೀರು ಹೀರಿಸಿ, ಬೆರಳಿನಿಂದ ಒತ್ತುತ್ತ, ಗೆರೆ ದಾಟದ ಹಾಗೆ ಹರಿಸಬೇಕು. ಗೆರೆ ಎಲ್ಲಿ ದಪ್ಪವಾಯಿತು, ಎಲ್ಲಿ ಉಸಿರು ಕಟ್ಟಿತು ಎನ್ನುವುದು ಎಳೆದವನಿಗಿಂತ ಚೆನ್ನಾಗಿ ತುಂಬುವವಳಿಗೆ ಗೊತ್ತಿರುತ್ತದೆ.

ಗಿಸಾಕು ಆ ಆವಿಗೆಯ ಗೆರೆಯ ಮೇಸ್ತ್ರಿ. ಸುಗಿಗಿಂತ ಹತ್ತು ವರ್ಷ ದೊಡ್ಡವನು. ಅವನು ಎಳೆದ ಕೊಕ್ಕರೆಯ ಕುತ್ತಿಗೆಯೊಳಗೆ ಬೂದು ನೀಲಿ ತುಂಬುತ್ತ ತುಂಬುತ್ತ ಸುಗಿಗೆ ಅವನ ಮೇಲೆ ಮನಸ್ಸಾಯಿತು. ತಪ್ಪು ಅವಳದಲ್ಲ, ಆ ಗೆರೆ ಹಾಗಿತ್ತು. ಮೊಣಕಾಲು ಒಡೆದ ಹುಡುಗಿಯನ್ನು ಹೆದರದೆ ಮದುವೆಯಾದವನೂ ಅವನೊಬ್ಬನೇ. ಆದರೆ ಆ ಗೆರೆ ಎಳೆಯುವ ಕೈಯೇ ಸಂಜೆ ಅಕ್ಕಿ ಹೆಂಡದ ಬುರುಡೆ ಹಿಡಿಯುತ್ತಿತ್ತು, ಬುರುಡೆ ಖಾಲಿಯಾದ ಮೇಲೆ ಅವಳ ಜುಟ್ಟು ಹಿಡಿಯುತ್ತಿತ್ತು. ಅವಳೇನೂ ಸುಮ್ಮನೆ ಏಟು ತಿನ್ನುತ್ತಿರಲಿಲ್ಲ. ಒಂದು ಸಲ ಸೌಟಿನಿಂದ ಅವನ ಮುಂದಿನ ಹಲ್ಲು ಉದುರಿಸಿದ್ದಳು. ಹುಟ್ಟಿದ ಒಂದೇ ಒಂದು ಹೆಣ್ಣುಕೂಸು ಹನ್ನೊಂದು ದಿನಕ್ಕೆ ಹೋಯಿತು, ಆಮೇಲೆ ಹುಟ್ಟಲಿಲ್ಲ. ಆ ಕೈಯನ್ನು ಅವಳು ದ್ವೇಷಿಸುತ್ತಿದ್ದಳು, ಆ ಕೈಯಿಂದ ಬಂದ ಗೆರೆಯನ್ನು ಪ್ರೀತಿಸುತ್ತಿದ್ದಳು. ಹದಿಮೂರು ವರ್ಷ ಹೀಗೇ ನಡೆಯಿತು.

ಕತ್ತಿ ಸಿಕ್ಕಿಸಿಕೊಂಡು ಓಡಾಡುವ ದೊರೆಗಳ ಕಾಲ ಮುಗಿದು ನಾಲ್ಕೈದು ವರ್ಷವಾಗಿತ್ತು. ಈಗ ಯಾರು ಬೇಕಾದರೂ ಯಾರಿಗೆ ಬೇಕಾದರೂ ಮಾರಬಹುದಿತ್ತು. ನಾಗಸಾಕಿಯಲ್ಲಿದ್ದ ಬಿಳಿಯ ವರ್ತಕನೊಬ್ಬ ಎದೆಯೆತ್ತರದ ಹೂದಾನಿಗಳು ಬೇಕು, ನೀಲಿ ಕೊಕ್ಕರೆ ಬೇಕು, ಜೋಡಿಯಾಗಿ ಬೇಕು ಎಂದು ಊರಿಗೆಲ್ಲ ಹೇಳಿಕಳಿಸಿದ. ಯಾರ ಜೋಡಿ ಮೊದಲು ಬಂದು ಮನಸ್ಸಿಗೆ ಹಿಡಿಸುತ್ತದೋ ಮುಂದಿನ ಹತ್ತು ವರ್ಷ ಅವರ ಜೊತೆಗೇ ವ್ಯಾಪಾರ ಎಂದ. ಬಿಳಿಯರಿಗೆ ಒಂಟಿ ಹೂದಾನಿ ಬೇಡ. ಒಂದು ಚೆಂದದ ವಸ್ತುವಿನ ಪಕ್ಕದಲ್ಲಿ ಅದೇ ಇನ್ನೊಂದು ಯಾಕೆ ಎನ್ನುವುದು ನಮಗೆ ಇಂದಿಗೂ ಅರ್ಥವಾಗಿಲ್ಲ. ಜೋಡಿಯಲ್ಲಿ ಒಂದು ಸೀಳಿದರೆ ಇನ್ನೊಂದು ಎಷ್ಟೇ ಚೆನ್ನಾಗಿರಲಿ, ಕಸವೇ. ಜಿಂಬೆ ಧಣಿ ಈ ಜೋಡಿಗಾಗಿ ಹುಚ್ಚು ಹಿಡಿಸಿಕೊಂಡ.

ಮೊದಲನೆಯ ಹೂದಾನಿಗೆ ಗಿಸಾಕು ಇಪ್ಪತ್ತು ದಿನ ಗೆರೆ ಎಳೆದ. ಪೈನ್ ಮರದ ಕೆಳಗೆ ಏಳು ಕೊಕ್ಕರೆಗಳು. ಮುಂದಿನ ದೊಡ್ಡ ಕೊಕ್ಕರೆ ಒಂಟಿ ಕಾಲಿನ ಮೇಲೆ ನಿಂತಿತ್ತು. ನೀಲಿ ತುಂಬಲು ಕೂತ ಸುಗಿ ಆ ಕಾಲನ್ನು ನೋಡಿ ಕುಂಚ ಕೆಳಗಿಟ್ಟಳು. ಕಾಲಿನ ಗೆರೆ ಮೊಣಕಾಲಿನಿಂದ ಕೆಳಗೆ ನಡುಗಿತ್ತು. ಬೇರೆ ಯಾರ ಕಣ್ಣಿಗೂ ಕಾಣುವಂಥದ್ದಲ್ಲ, ಕೂದಲೆಳೆಯಷ್ಟು. ಹೆಂಡ ಕೊನೆಗೂ ಅವನ ಕೈಗೆ ಇಳಿದಿತ್ತು. ಗಂಡ ಹೊಡೆದಾಗ ಬರದಿದ್ದ ಕಣ್ಣೀರು ಅಂದು ಬಂತು. ಯಾರಿಗೂ ಹೇಳದೆ ಆ ಕಾಲಿನ ಸುತ್ತ ಬಹಳ ಹೊತ್ತು ತೆಗೆದುಕೊಂಡು, ನಡುಕ ಮುಚ್ಚುವ ಹಾಗೆ ನೀರಿನ ನೀಲಿ ಹರಿಸಿದಳು.

ಆ ಬಹಳ ಹೊತ್ತೇ ಮುಳುವಾಯಿತು. ಧಣಿ ಬಂದು ನೋಡಿದ.

"ಒಂದು ಕೊಕ್ಕರೆಗೆ ಒಂದು ದಿನಾನಾ? ಮೊಟ್ಟೆ ಇಡಿಸ್ತಾ ಇದೀಯೇನೇ?" ಎಂದು ಅವಳ ಬೆನ್ನಿಗೆ ಒದ್ದ. ಸುಗಿ ಮುಗ್ಗರಿಸಿ ಬಣ್ಣದ ಬೋಗುಣಿಯ ಮೇಲೆ ಬಿದ್ದಳು.

ಆಚೆ ಕೂತಿದ್ದ ಗಿಸಾಕು ಎದ್ದ. "ಏಯ್ ಧಣಿ! ನನ್ನ ಹೆಂಡ್ತಿ ಮೇಲೆ ಕಾಲೆತ್ತೋಕೆ ನೀನ್ಯಾವನೋ? ಅವಳನ್ನ ಹೊಡಿಯೋದಾದ್ರೆ ನಾನು ಹೊಡೀತೀನಿ!"

ಅಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಸುಗಿಗೂ ನಗು ಬಂತು. ಗಿಸಾಕು ನಗಲಿಲ್ಲ. ಬಣ್ಣ ಅರೆಯುವ ಬಟ್ಟಲನ್ನು ಎತ್ತಿ ಧಣಿಯ ಮುಖಕ್ಕೆ ಎಸೆದು, ಮೇಲೆ ಬಿದ್ದು ಅವನ ಕಿವಿಯನ್ನು ಹಲ್ಲಿನಿಂದ ಕಚ್ಚಿ ಎಳೆದ. ಉಳಿದಿದ್ದ ಹಲ್ಲುಗಳು ಗಟ್ಟಿಯಾಗಿದ್ದವು. ಕಿವಿಯ ಕೆಳಗಿನ ತುಂಡು ಅವನ ಬಾಯಲ್ಲೇ ಉಳಿಯಿತು. ಆಮೇಲೆ ಧಣಿಯ ಇಬ್ಬರು ಆಳುಗಳು ಅವನನ್ನು ಕೆಡವಿ, ಮಣ್ಣು ನಾದುವ ಕಲ್ಲಿನ ಮೇಲೆ ಅವನ ಬಲಗೈ ಚಾಚಿ ಹಿಡಿದರು. ಸುಗಿ ಕೂಗುತ್ತ ನುಗ್ಗಿದಳು, ಯಾರೋ ಅವಳನ್ನು ಗೋಡೆಗೆ ಎಸೆದರು. ಧಣಿ ಕಿವಿಯಿಂದ ರಕ್ತ ಸುರಿಸುತ್ತಲೇ ಒನಕೆ ತಂದು ಆ ಕೈಯನ್ನು ಕುಟ್ಟಿದ. ಒಂದೇಟಿಗೆ ನಿಲ್ಲಿಸಲಿಲ್ಲ. ಐದು ಏಟು.

ಅರ್ಧ ಗಂಟೆಯ ಮೇಲೆ ಧಣಿಗೆ ಬುದ್ಧಿ ಬಂತು. ಎರಡನೆಯ ಹೂದಾನಿ ಒಂದು ಗೆರೆಯೂ ಇಲ್ಲದೆ ಬೆಳ್ಳಗೆ ನಿಂತಿತ್ತು. ಕಿವಿಗೆ ಬಟ್ಟೆ ಒತ್ತಿಕೊಂಡು ಅದರ ಮುಂದೆ ಕೂತುಬಿಟ್ಟ. ಎರಡನೆಯ ಗೆರೆಗಾರ ಬುನ್ಜಿಯನ್ನು ಕರೆಸಿದ. ಬುನ್ಜಿಗೆ ನಲವತ್ತು ದಾಟಿತ್ತು, ತುಂಬ ಒಳ್ಳೆಯವನು, ಅವನು ಎಳೆದ ಕೊಕ್ಕರೆ ಮಾತ್ರ ಕೋಳಿಯ ಹಾಗಿರುತ್ತಿತ್ತು. "ನನ್ನ ಕೈಲಾಗಲ್ಲ ಧಣಿ, ನನ್ನ ಕೈಯನ್ನೂ ಕುಟ್ಟಿಬಿಡಿ" ಎಂದು ಅವನು ನೆಲಕ್ಕೆ ಹಣೆ ಹಚ್ಚಿದ.

"ನಾನು ಎಳೀತೀನಿ" ಎಂದಳು ಸುಗಿ. ಗೋಡೆಗೆ ಬಡಿದ ಅವಳ ತುಟಿ ಬಾತಿತ್ತು.

"ಹೆಂಗಸು ಗೆರೆ ಎಳೆಯೋದಾ?"

"ಬೇಡ್ವಾದ್ರೆ ಬಿಡಿ. ಒಂಟಿ ಹೂದಾನೀನ ಬಿಳಿಯವ್ನಿಗೆ ಕಳಿಸಿ, ಇನ್ನೊಂದನ್ನ ಕಣ್ಣು ಮುಚ್ಕೊಂಡು ನೆನೆಸ್ಕೊ ಅನ್ನಿ."

ಧಣಿ ಕೈ ಎತ್ತಿದ, ಇಳಿಸಿದ. ಸುಗಿ ತನ್ನ ಷರತ್ತು ಹೇಳಿದಳು. ಜೋಡಿ ಸೀಳದೆ ಹೊರಬಂದರೆ ಗಿಸಾಕು ಬದುಕಿರುವವರೆಗೂ ಅವನಿಗೆ ಆವಿಗೆಯಿಂದ ಅಕ್ಕಿ, ತನಗೆ ಗೆರೆ ಎಳೆಯುವ ಜಾಗ. ಧಣಿಯೂ ಹೇಳಿದ. ಸೀಳಿದರೆ ಇಬ್ಬರೂ ಊರು ಬಿಡಬೇಕು, ಯಾವ ಆವಿಗೆಯೂ ಸೇರಿಸಿಕೊಳ್ಳದ ಹಾಗೆ ತಾನು ನೋಡಿಕೊಳ್ಳುತ್ತಾನೆ. ಇನ್ನೊಂದು ಮಾತು, ಹೆಂಗಸು ಎಳೆದಳೆಂದು ಹೊರಗೆ ಗೊತ್ತಾಗಬಾರದು. ಬುನ್ಜಿ ಎಳೆದ ಎಂದೇ ಎಲ್ಲರೂ ತಿಳಿಯಬೇಕು, ಗಿಸಾಕು ಕೂಡ. ಸುಗಿ ಹೂಂ ಎಂದಳು. ಗಂಡನಿಗೆ ಹೇಳುವ ಆಸೆ ಅವಳಿಗೂ ಇರಲಿಲ್ಲ. ಹೆಂಡತಿಯ ಗೆರೆಯಿಂದ ಬಂದ ಅಕ್ಕಿ ಎಂದು ತಿಳಿದರೆ ಅವನು ಉಪವಾಸ ಸಾಯುವ ಜಾತಿ.

ಮಣ್ಣಿನ ಉಗ್ರಾಣದಲ್ಲಿ ಬಾಗಿಲು ಹಾಕಿಕೊಂಡು ಅವಳು ಎಳೆದಳು. ಬುನ್ಜಿ ಬಣ್ಣ ಅರೆದುಕೊಟ್ಟ, ನೀರು ತಂದುಕೊಟ್ಟ, ಯಾರಾದರೂ ಬಂದರೆ ಕೆಮ್ಮಿದ. ಮೊದಲ ಬಾರಿ ಸುಟ್ಟ ಮಣ್ಣು ಬಣ್ಣವನ್ನು ಕುಡಿದುಬಿಡುತ್ತದೆ, ಎಳೆದ ಗೆರೆಯನ್ನು ಅಳಿಸಲು ಬರುವುದಿಲ್ಲ. ಅವಳು ಮೊದಲ ಗೆರೆ ಎಳೆದಳು. ಆಮೇಲೆ ಕೈ ನಿಲ್ಲಲಿಲ್ಲ. ಇಷ್ಟು ವರ್ಷ ಒಳಗಿನಿಂದ ನೋಡಿದ ಗೆರೆಗಳು ತಾವಾಗಿಯೇ ಬಂದವು.

ದೊಡ್ಡ ಕೊಕ್ಕರೆಯ ಕಾಲಿಗೆ ಬಂದಾಗ ಬುನ್ಜಿ ಮೊದಲ ಹೂದಾನಿಯನ್ನು ಬಗ್ಗಿ ನೋಡಿದ. "ಇಲ್ಲಿ ಮೇಸ್ತ್ರಿ ಕೈ ಸ್ವಲ್ಪ ನಡುಗಿದೆ ಸುಗಿ. ಜೋಡಿ ಅಂದ್ಮೇಲೆ ನೀನೂ ಸ್ವಲ್ಪ ನಡುಗಿಸು."

"ನಡುಗಿಸೋಕೆ ನಂಗೆ ಬರಲ್ಲ. ಅವನು ಮುಂಚೆ ಎಳೀತಿದ್ದ ಕಾಲೇ ನಂಗೆ ಬರೋದು" ಎಂದು ಅವಳು ಒಂದೇ ಉಸಿರಿಗೆ ಎಳೆದಳು. ನೆಟ್ಟಗೆ ಬಂತು. ಮದುವೆಗೆ ಮುಂಚೆ ಗಿಸಾಕು ಎಳೆಯುತ್ತಿದ್ದ ಕಾಲು ಅದು.

ಎರಡೂ ಹೂದಾನಿಗಳಿಗೆ ಹೊಳಪಿನ ನೀರು ಬಳಿದು ಆವಿಗೆಯ ಒಂದೇ ಕೋಣೆಯಲ್ಲಿ ನಿಲ್ಲಿಸಿದರು. ಎರಡು ಹಗಲು ಎರಡು ರಾತ್ರಿ ಬೆಂಕಿ. ಬೆಂಕಿಯ ಯಜಮಾನಿಕೆ ತೊರಾಜಿ ತಾತನದು. ಹುಬ್ಬು ಎಂದೋ ಸುಟ್ಟುಹೋಗಿ ಮತ್ತೆ ಹುಟ್ಟದ ಮುದುಕ. ಬೆಂಕಿ ನಿಲ್ಲಿಸಿ, ಆವಿಗೆಯ ಬಾಯಿಗೆ ಇಟ್ಟಿಗೆ ಇಟ್ಟು ಮಣ್ಣು ಮೆತ್ತಿ, "ಐದು ದಿನ ಯಾರೂ ಮುಟ್ಟಂಗಿಲ್ಲ. ದೊಡ್ಡ ಹೊಟ್ಟೆಯವು, ನಿಧಾನಕ್ಕೆ ತಣ್ಣಗಾಗ್ಬೇಕು. ತಣ್ಣನೆ ಗಾಳಿ ತಾಗಿದ್ರೆ ಸೀಳ್ತವೆ" ಎಂದು ಹೇಳಿ ಮಲಗಲು ಹೋದ.

ಮೂರನೆಯ ಬೆಳಿಗ್ಗೆ ಮೇಲಿನ ಕೇರಿಯ ಆವಿಗೆಯವರು ತಮ್ಮ ಜೋಡಿಯನ್ನು ಹೊರತೆಗೆಯುತ್ತಿದ್ದಾರೆ ಎಂಬ ಸುದ್ದಿ ಬಂತು. ಜಿಂಬೆ ಧಣಿಗೆ ಹೊಟ್ಟೆಯುರಿ ಹತ್ತಿತು. ನಾಲ್ಕು ಆಳುಗಳಿಗೆ ಹಾರೆ ಕೊಟ್ಟು ಆವಿಗೆಯ ಬಾಯಿಗೆ ನಡೆಸಿಕೊಂಡು ಬಂದ. ತೊರಾಜಿ ಅಡ್ಡ ನಿಂತ.

"ಧಣಿ, ಇಟ್ಟಿಗೆ ಮೇಲೆ ಉಗುಳಿ ನೋಡಿ. ಇನ್ನೂ ಚುರ್ ಅಂತದೆ. ಇನ್ನೆರಡು ದಿನ."

"ಎರಡು ದಿನ ಕಳೆದ್ರೆ ಅವರ ಹೂದಾನಿ ನಾಗಸಾಕಿ ಸೇರುತ್ತೆ. ಸರಿಯೋ ಆಚೆ!"

"ಸರಿಯಲ್ಲ."

ಧಣಿ ಮುದುಕನ ದವಡೆಗೆ ಹೊಡೆದ. ಮುದುಕ ಸೌದೆ ರಾಶಿಯ ಮೇಲೆ ಬಿದ್ದ. ಹಾರೆ ಹಿಡಿದವನೊಬ್ಬ ಮೊದಲ ಇಟ್ಟಿಗೆಗೆ ಮೊನೆ ಹಾಕಿದ.

ಸುಗಿ ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದವಳು ಓಡಿ ಬಂದಿದ್ದಳು. ಬಾಗಿಲು ಈಗ ಒಡೆದರೆ ಏನಾಗುತ್ತದೆ ಎನ್ನುವುದು ಅವಳಿಗೆ ಸ್ಪಷ್ಟವಾಗಿತ್ತು. ಎರಡೂ ಸೀಳುತ್ತವೆ, ತಪ್ಪು ಧಣಿಯ ಆತುರದ್ದಾಗುವುದಿಲ್ಲ, ಹೆಂಗಸಿನ ಕೈ ತಾಗಿ ಕೆಟ್ಟಿತು ಎಂದಾಗುತ್ತದೆ. ಕೈ ಮುರಿದ ಗಂಡನನ್ನು ಕಟ್ಟಿಕೊಂಡು ಊರೂರು ಅಲೆಯಬೇಕು. ಅದಕ್ಕಿಂತ ಹೆಚ್ಚಾಗಿ, ಗಿಸಾಕುವಿನ ಕೈಯಿಂದ ಬಂದ ಕೊನೆಯ ಗೆರೆ ಆ ಇಟ್ಟಿಗೆಗಳ ಹಿಂದೆ ನಿಂತಿತ್ತು. ಇನ್ನು ಆ ಕೈಯಿಂದ ಒಂದು ಗೆರೆಯೂ ಬರುವುದಿಲ್ಲ. ಅದು ಹೋಗಬಾರದು ಎಂದು ಅವಳ ಇಡೀ ಮೈ ಕೂಗಿತು.

ಪಕ್ಕದಲ್ಲೇ ಒಡಕು ಪಿಂಗಾಣಿಯ ಗುಡ್ಡೆಯಿತ್ತು. ಚೂಪಾದ ಒಂದು ಚೂರು ಎತ್ತಿಕೊಂಡಳು. ಹಾರೆಯವನನ್ನು ಭುಜದಿಂದ ತಳ್ಳಿ ಆವಿಗೆಯ ಬಾಯಿಗೆ ಬೆನ್ನು ಕೊಟ್ಟು ನಿಂತು, ಕೂದಲಿನ ಅಂಚಿನಿಂದ ಹುಬ್ಬಿನವರೆಗೆ ತನ್ನ ಹಣೆಯನ್ನು ತಾನೇ ಸೀಳಿಕೊಂಡಳು. ರಕ್ತ ಧಾರೆಯಾಗಿ ಕಣ್ಣಿಗೆ, ಗಲ್ಲಕ್ಕೆ, ಕೆಳಗಿನ ಬೂದಿಗೆ ಸುರಿಯಿತು. ಅವಳು ತಿರುಗಿ, ಬಿಸಿಯನ್ನೂ ಲೆಕ್ಕಿಸದೆ ಮುಖವನ್ನು ಆ ಇಟ್ಟಿಗೆಗಳಿಗೇ ಒರೆಸಿದಳು.

ಸೌದೆ ರಾಶಿಯ ಮೇಲೆ ಬಿದ್ದಿದ್ದ ತೊರಾಜಿಗೆ ಮೊದಲು ಅರ್ಥವಾಯಿತು. "ರಕ್ತ ಬಿತ್ತು!" ಎಂದು ಕಿರುಚಿದ. "ಆವಿಗೆ ಬಾಯಲ್ಲಿ ರಕ್ತ ಬಿತ್ತು! ಮೈಲಿಗೆ! ಯಾರೂ ಮುಟ್ಬೇಡ್ರೋ!"

ನಾಲ್ಕೂ ಹಾರೆಗಳು ನೆಲಕ್ಕೆ ಬಿದ್ದವು. ಬೆಂಕಿಯ ದೇವರ ಮುಂದೆ ರಕ್ತ ಬಿದ್ದರೆ ಮೂರು ದಿನ ಆವಿಗೆ ಮುಟ್ಟುವ ಹಾಗಿಲ್ಲ. ಆಮೇಲೆ ಪೂಜಾರಿ ಬಂದು ಉಪ್ಪು ಎರಚಿ ಮಂತ್ರ ಹೇಳಬೇಕು. ನಮ್ಮ ಊರಿನಲ್ಲಿ ಹೆಂಡತಿಯ ತಲೆ ಒಡೆಯುವವರಿದ್ದಾರೆ, ಮೇಸ್ತ್ರಿಯ ಕೈ ಕುಟ್ಟುವವರಿದ್ದಾರೆ, ಈ ಮೈಲಿಗೆಯನ್ನು ಮೀರುವವರು ಮಾತ್ರ ಒಬ್ಬರೂ ಇಲ್ಲ.

"ತೆಗೀರೋ! ನಾನು ಹೇಳ್ತಿದೀನಿ, ತೆಗೀರೋ!" ಎಂದು ಧಣಿ ಅರಚಿದ. ಯಾರೂ ಅಲುಗಲಿಲ್ಲ. ತಾನೇ ಹಾರೆ ಎತ್ತಿಕೊಂಡ, ಎರಡು ಹೆಜ್ಜೆ ಇಟ್ಟ, ಅವನ ಕೈಯೂ ಬರಲಿಲ್ಲ. ಆಗ ಹಾರೆ ಎಸೆದು ಸುಗಿಯ ಮೇಲೆ ಬಿದ್ದ. ಹೊಟ್ಟೆಗೆ ಗುದ್ದಿದ, ಬಿದ್ದವಳ ಪಕ್ಕೆಗೆ ಒದ್ದ, ಒದೆಯುತ್ತಲೇ ಹೋದ. ಪಕ್ಕೆಲುಬು ಮುರಿದ ಸದ್ದು ನಿಂತವರಿಗೆಲ್ಲ ಕೇಳಿಸಿತು. ಅವಳ ಮೂಗಿನಿಂದ, ಬಾಯಿಯಿಂದ ಬಂದ ರಕ್ತ ಬೂದಿಯಲ್ಲಿ ಇಂಗಿತು.

ಸುಗಿ ನಗತೊಡಗಿದಳು. "ಹೊಡೀರಿ ಧಣಿ, ಹೊಡೀರಿ. ಹಣೆ ರಕ್ತಕ್ಕೆ ಮೂರು ದಿನ ಆಯ್ತು. ಮೂಗಿನ ರಕ್ತಕ್ಕೆ ಬೇರೆ ಲೆಕ್ಕ."

"ಅವಳು ಹೇಳೋದು ನಿಜ" ಎಂದ ತೊರಾಜಿ, ದವಡೆ ಹಿಡಿದುಕೊಂಡೇ. "ಹೀಗೇ ಒದೀತಾ ಹೋದ್ರೆ ಹೊಸ ವರ್ಷದ ಹಬ್ಬಕ್ಕೇ ಬಾಗಿಲು ತೆಗೆಯೋದು."

ಧಣಿಯ ಎತ್ತಿದ ಕಾಲು ಗಾಳಿಯಲ್ಲೇ ನಿಂತಿತು. ಕಾಲನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಕುಂಟಿಕೊಂಡು ಹಿಂದೆ ಸರಿದ. ಯಾರೋ ಕಿಸಕ್ಕೆಂದರು. ಅವನು ಎಲ್ಲರಿಗೂ ಒಂದೊಂದು ಬೈಗುಳ ಹಂಚಿ ಹೊರಟುಹೋದ.

ಸುಗಿಯ ತಲೆಗೆ ಬಟ್ಟೆ ಕಟ್ಟಿ, ಪಕ್ಕೆಗೆ ಬಿದಿರಿನ ಪಟ್ಟಿ ಕಟ್ಟಿ, ಗಂಜಿ ಕುಡಿಸಿದ್ದು ತೊರಾಜಿಯೇ. ಮನೆಯಲ್ಲಿ ಗಿಸಾಕು ಕೈಯ ಜ್ವರದಲ್ಲಿ ಬಿದ್ದಿದ್ದ, ಅವನಿಗೆ ಏನೂ ತಿಳಿಯದು. ಅದೇ ಮಧ್ಯಾಹ್ನ ಮೇಲಿನ ಕೇರಿಯಿಂದ ಠಣ್ ಠಣ್ ಎಂದು ಒಂದರ ಹಿಂದೆ ಒಂದು ಸದ್ದು ಬಂತು. ಬಿಸಿಯಾಗಿ ಹೊರತೆಗೆದ ಅವರ ಹೂದಾನಿಗಳು ಗಾಳಿ ತಾಗಿ ತಾವಾಗಿಯೇ ಸೀಳಿಕೊಳ್ಳುತ್ತಿದ್ದವು. ಜಿಂಬೆ ಧಣಿ ತನ್ನ ಬಾಗಿಲಲ್ಲಿ ನಿಂತು ಆ ಸದ್ದುಗಳನ್ನೆಲ್ಲ ಕೇಳಿದ. ಆಮೇಲೆ ಸುಗಿಯ ಮನೆಗೆ ಒಂದು ಬುಟ್ಟಿ ಒಣಮೀನು ಕಳಿಸಿದ. ಅವಳು ಬುಟ್ಟಿಯನ್ನು ವಾಪಸು ಎಸೆದಳು, ಮೀನನ್ನು ಇಟ್ಟುಕೊಂಡಳು.

ಮೂರು ದಿನದ ಮೇಲೆ ಪೂಜಾರಿ ಬಂದ, ಉಪ್ಪು ಬಿತ್ತು, ಇಟ್ಟಿಗೆ ಇಳಿಯಿತು. ಎರಡು ಹೂದಾನಿಗಳೂ ಕೂದಲೆಳೆಯಷ್ಟೂ ಸೀಳಿಲ್ಲದೆ ಹೊರಗೆ ಬಂದವು. ಬಿಸಿಲಿಗೆ ನಿಲ್ಲಿಸಿದಾಗ, ಸುಡುವ ಮುಂಚೆ ಕರಿದಾಗಿದ್ದ ಗೆರೆಗಳೆಲ್ಲ ನೀಲಿಯಾಗಿ, ಹದಿನಾಲ್ಕು ಕೊಕ್ಕರೆಗಳು ಒಂದನ್ನೊಂದು ನೋಡುತ್ತ ನಿಂತವು. ಧಣಿಯ ಕಣ್ಣಲ್ಲೂ ನೀರು ಬಂತು, ಅವನೂ ಪಿಂಗಾಣಿಯವನೇ ತಾನೇ.

ಆವಿಗೆ ತೆರೆದ ದಿನ ಗೆರೆಯ ಮೇಸ್ತ್ರಿಯ ಕೈಗೆ ಮರದ ಸುತ್ತಿಗೆ ಕೊಡುವುದು ನಮ್ಮ ವಾಡಿಕೆ. ತನ್ನ ಹೆಸರಿಗೆ ಕುಂದು ತರುವ ಪಾತ್ರೆ ಕಂಡರೆ ಮೇಸ್ತ್ರಿ ಅಲ್ಲೇ ಒಡೆಯಬಹುದು, ಯಾಕೆ ಎಂದು ಧಣಿಯೂ ಕೇಳುವ ಹಾಗಿಲ್ಲ. ಜ್ವರ ಇಳಿದಿದ್ದ ಗಿಸಾಕು ಬಲಗೈಯನ್ನು ಹಲಗೆಗೆ ಕಟ್ಟಿಕೊಂಡು ಬಂದಿದ್ದ. ಧಣಿ ನಾಚಿಕೆಯಿಂದಲೋ ಏನೋ, ತಾನೇ ಸುತ್ತಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಅವನ ಎಡಗೈಗೆ ಕೊಟ್ಟ. ಇಷ್ಟು ಚೆನ್ನಾಗಿ ಬಂದ ಜೋಡಿಯನ್ನು ಯಾರು ಒಡೆಯುತ್ತಾರೆ ಎಂಬ ಧೈರ್ಯ.

ಗಿಸಾಕು ಹೂದಾನಿಗಳ ಸುತ್ತ ಒಂದು ಸುತ್ತು ಬಂದ. ಎರಡನೆಯ ಸುತ್ತಿಗೆ ಒಂದರ ಮುಂದೆ ಕುಕ್ಕರಿಸಿದ. ದೊಡ್ಡ ಕೊಕ್ಕರೆಯ ಕಾಲನ್ನು ಮೂಗು ತಾಗುವಷ್ಟು ಹತ್ತಿರದಿಂದ ನೋಡಿದ. ಕಾಲು ನೆಟ್ಟಗಿತ್ತು.

"ಇದು ನಂದು" ಎಂದ. "ನೋಡ್ರೋ. ನೋಡು ಧಣಿ, ಯಾವ ಕೈಯನ್ನ ಕುಟ್ಟಿದೆ ಅಂತ ನೋಡು."

ಅವನು ತೋರಿಸಿದ್ದು ಸುಗಿ ಎಳೆದದ್ದನ್ನು.

ಅವನು ಇನ್ನೊಂದರ ಮುಂದೆ ಹೋದ. ಅದೇ ಕಾಲನ್ನು ಹುಡುಕಿದ. ಎಷ್ಟು ನೀಲಿ ಹರಿಸಿದ್ದರೂ ಅವನ ಕಣ್ಣಿಗೆ ನಡುಕ ತಪ್ಪಲಿಲ್ಲ. ಮುಖ ಕೆಂಪಾಯಿತು. ಬುನ್ಜಿಯ ಕಡೆ ತಿರುಗಿದ.

"ನೀನಾ ಎಳೆದದ್ದು? ಕಾಲು ನಡುಗ್ತಾ ಇದೆಯಲ್ಲೋ! ಕುಡುಕ ಉಚ್ಚೆ ಹೊಯ್ದಂಗಿದೆ! ನನ್ನ ಹೆಸರಲ್ಲಿ ಇದು ಸಮುದ್ರ ದಾಟೋದಾ?" ಎನ್ನುತ್ತಲೇ ಎಡಗೈಯಿಂದ ಸುತ್ತಿಗೆಯನ್ನು ತಲೆಯ ಮೇಲಕ್ಕೆ ಎತ್ತಿದ.

ಧಣಿ ಸುತ್ತಿಗೆ ಕೊಟ್ಟು ದೂರ ಸರಿದಿದ್ದ. ಬುನ್ಜಿ ಕಂಬದ ಹಾಗೆ ನಿಂತಿದ್ದ. ಹತ್ತಿರ ಇದ್ದವಳು ಸುಗಿ. ಒಂದು ಮಾತು ಹೇಳಿದ್ದರೆ ಸುತ್ತಿಗೆ ನಿಲ್ಲುತ್ತಿತ್ತು. ಅದು ನಿಂದೇ ಕಣಯ್ಯ ಎಂದರೆ ಸಾಕಿತ್ತು. ಆದರೆ ಆ ಮಾತು ಹೇಳಿದರೆ, ಧಣಿ ಒನಕೆ ಎತ್ತುವ ಮೊದಲೇ ತನ್ನ ಕೈ ಸತ್ತಿತ್ತು ಎಂದು ಅವನಿಗೆ ತಿಳಿಯುತ್ತದೆ. ಇಂಥ ಕೈಯನ್ನು ಕಿತ್ತುಕೊಂಡರಲ್ಲ ಎಂಬ ಸಿಟ್ಟು ಒಂದೇ ಅವನ ಬಳಿ ಉಳಿದಿದ್ದ ಆಸ್ತಿ. ಅವಳು ಮಾತಾಡಲಿಲ್ಲ. ಹಲಗೆಗೆ ಕಟ್ಟಿದ ಅವನ ಬಲಗೈಯನ್ನು ಎರಡೂ ಕೈಯಿಂದ ಹಿಡಿದು, ಒದ್ದೆ ಬಟ್ಟೆ ಹಿಂಡುವ ಹಾಗೆ ಬಲವಾಗಿ ತಿರುಚಿದಳು.

ಕೂಡುತ್ತಿದ್ದ ಎಲುಬುಗಳು ಮತ್ತೆ ಬಿಟ್ಟುಕೊಂಡವು. ಗಿಸಾಕು ಕಿರುಚಿದ ಕಿರುಚು ಗಣಿಯವರೆಗೂ ಕೇಳಿಸಿತಂತೆ. ಸುತ್ತಿಗೆ ಅವಳ ಭುಜದ ಮೇಲೆ ಬಿದ್ದು ನೆಲಕ್ಕೆ ಉರುಳಿತು. ಅವನು ಮಣ್ಣಿನಲ್ಲಿ ಹೊರಳಿದ. ಹೊರಳುವುದು ನಿಂತ ಮೇಲೆ ತಲೆ ಎತ್ತಿ ಸುಗಿಯನ್ನು ನೋಡಿದ, ಆಮೇಲೆ ಬುನ್ಜಿಯನ್ನು, ಮತ್ತೆ ಸುಗಿಯನ್ನು.

"ಓಹೋ" ಎಂದ. "ಹಂಗಾ ಸಮಾಚಾರ."

ಹೂದಾನಿಗಳು ಅಂದೇ ಹುಲ್ಲಿನಲ್ಲಿ ಸುತ್ತಿಸಿಕೊಂಡು ಹೊರಟವು. ಬಿಳಿಯ ವರ್ತಕ ತಲೆದೂಗಿದನಂತೆ. ಧಣಿ ಮಾತು ಉಳಿಸಿಕೊಂಡ. ಗಿಸಾಕುವಿಗೆ ಅಕ್ಕಿ ಬಂತು, ಸುಗಿಗೆ ಗೆರೆಯ ಜಾಗ ಸಿಕ್ಕಿತು, ಚಾಪೆಯ ಮರೆಯಲ್ಲಿ. ಹೊರಗೆ ಅವಳು ನೀಲಿ ತುಂಬುವವಳೇ. ಅವಳು ಎಳೆದದ್ದಕ್ಕೆಲ್ಲ ಬುನ್ಜಿಯ ಹೆಸರು. ಬುನ್ಜಿಗೆ ಇದು ನುಂಗಲಾರದ ತುತ್ತು. "ಮೇಸ್ತ್ರಿಗೆ ನಿಜ ಹೇಳಿಬಿಡ್ತೀನಿ ಸುಗಿ, ಜನ ಏನೇನೋ ಆಡ್ಕೋತಾರೆ" ಎಂದು ಒಂದು ದಿನ ಅತ್ತ. "ಹೇಳಿದ್ರೆ ನಿನ್ನ ಹಲ್ಲೂ ಉದುರಿಸ್ತೀನಿ" ಎಂದಳು. ಅವನು ಹೇಳಲಿಲ್ಲ.

ಗಿಸಾಕು ಹತ್ತೊಂಬತ್ತು ವರ್ಷ ಬದುಕಿದ. ಬಲಗೈ ಮತ್ತೆ ಕೂಡಲೇ ಇಲ್ಲ, ಎಡಗೈ ಹೊಡೆಯುವುದನ್ನು ಬೇಗ ಕಲಿಯಿತು. ಹೆಂಡದಂಗಡಿಯಲ್ಲಿ ಕೂತು, ನನ್ನ ಹೆಂಡತಿ ಮಿಂಡನ ಹೂದಾನಿ ಉಳಿಸಲು ಗಂಡನ ಕೈ ತಿರುಚಿದವಳು ಎಂದು ಬಂದವರಿಗೆಲ್ಲ ಹೇಳಿದ. ಊರು ನಂಬಿತು. ಹೆಂಗಸರು ಬಾವಿಕಟ್ಟೆಯಲ್ಲಿ ಅವಳಿಗೆ ಜಾಗ ಬಿಡುವುದನ್ನು ನಿಲ್ಲಿಸಿದರು. ಒಬ್ಬಳು ಮುಖದ ಮೇಲೇ ಆಡಿದಾಗ ಸುಗಿ ಬಿಂದಿಗೆಯಿಂದ ಅವಳ ಹಣೆ ಒಡೆದಳು, ಆದರೂ ನಿಜ ಬಾಯಿಗೆ ಬರಲಿಲ್ಲ.

ಕೊನೆಯ ಚಳಿಗಾಲದಲ್ಲಿ ಅವನ ಹೊಟ್ಟೆ ಬಾತಿತು, ಕಣ್ಣು ಹಳದಿಯಾಯಿತು. ಒಂದು ಮಧ್ಯಾಹ್ನ ಸುಗಿ ಅವನಿಗೆ ಮೂಲಂಗಿ ಹಾಕಿದ ಗಂಜಿ ತಿನ್ನಿಸುತ್ತಿದ್ದಳು. ಎರಡು ತುತ್ತು ತಿಂದು ಮುಖ ತಿರುಗಿಸಿದ.

"ಈಗಾದ್ರೂ ಹೇಳೇ. ಸಾಯೋನಿಗೆ ಹೇಳಿದ್ರೆ ಏನು. ಬುನ್ಜಿಯ ಹೂ‍ದಾನೀನ ಯಾಕೆ ಉಳಿಸಿದೆ?"

ಸುಗಿ ಅವನ ಗಲ್ಲ ಒರೆಸಿದಳು. "ಚೆನ್ನಾಗಿತ್ತು. ಅದಕ್ಕೆ."

"ಚೆನ್ನಾಗಿರ್ಲಿಲ್ಲ. ಕಾಲು ನಡುಗಿತ್ತು."

"ನಡುಗಿತ್ತು" ಎಂದಳು. "ನಂಗೆ ಅದೇ ಇಷ್ಟ ಆಯ್ತು."

ಅವನು ಉಳಿದಿದ್ದ ಶಕ್ತಿಯನ್ನೆಲ್ಲ ಕೂಡಿಸಿ ಎಡಗೈ ಎತ್ತಿ ಅವಳ ಕೆನ್ನೆಗೆ ಹೊಡೆದ. ಏಟಿನಲ್ಲಿ ಏನೂ ಇರಲಿಲ್ಲ. ಸುಗಿ ಆ ಕೈಯನ್ನು ಕೆನ್ನೆಯ ಮೇಲೆಯೇ ಹಿಡಿದುಕೊಂಡಳು, ಅದು ತಣ್ಣಗಾಗುವವರೆಗೂ ಬಿಡಲಿಲ್ಲ.